ರಕ್ತದ ಕುರುಹು, ಬಾಯಿಯ ಗಾಯ

ಶ್ರೀಮಠಕ್ಕೆ ಬರುವ ಭಕ್ತರು ಹಿಂದೆ ಜಾತಕಗಳನ್ನು ತರುತ್ತಿದ್ದರು, ಹೊಲದ ಪತ್ರಗಳನ್ನು ತರುತ್ತಿದ್ದರು, ಮಕ್ಕಳ ಅಂಕಪಟ್ಟಿಗಳನ್ನು ತರುತ್ತಿದ್ದರು. ಹತ್ತು ಹನ್ನೆರಡು ವರ್ಷಗಳಿಂದೀಚೆಗೆ ರಕ್ತಪರೀಕ್ಷೆಯ ಕಾಗದಗಳನ್ನೂ ತರತೊಡಗಿದ್ದಾರೆ. ಪೂಜೆ ಮುಗಿದು ಪ್ರಸಾದಕ್ಕೆ ಏಳುವ ಹೊತ್ತಿನಲ್ಲಿ ಯಾರಾದರೊಬ್ಬರು ಮೆಲ್ಲನೆ ಸಮೀಪಕ್ಕೆ ಬಂದು, ಮಡಿಸಿಟ್ಟ ಕಾಗದವನ್ನು ಬಿಡಿಸಿ, "ಬುದ್ಧೀ, ಇದೊಂದು ನೋಡಿ ಹೇಳ್ರಿ" ಎನ್ನುತ್ತಾರೆ. ಸಂಸ್ಕೃತ ಪಾಠಶಾಲೆಯ ಅಭ್ಯಾಸ ಮುಗಿದ ಮೇಲೆ ಹಿರಿಯ ಶ್ರೀಗಳ ಅಪ್ಪಣೆಯಂತೆ ನಾವು ಕಾಲೇಜಿಗೆ ಸೇರಿ ರಸಾಯನಶಾಸ್ತ್ರವನ್ನು ಓದಿದೆವೆಂಬುದು ಹಳೆಯ ವಿದ್ಯಾರ್ಥಿಗಳಿಗೆ ತಿಳಿದ ಸಂಗತಿ. ರಸಾಯನ ಬಲ್ಲವರಿಗೆ ವೈದ್ಯವೂ ಗೊತ್ತಿರಬೇಕೆಂಬುದು ಅವರ ನಂಬಿಕೆ. ಆ ನಂಬಿಕೆಯನ್ನು ತಿದ್ದಬೇಕಾದವರು ನಾವು. ತಿದ್ದದೆ ಒಮ್ಮೆ ಅದಕ್ಕೆ ಮರುಳಾದೆವು. ಅದರಿಂದಾದ ತಪ್ಪನ್ನು ಒಪ್ಪಿಕೊಳ್ಳುವುದೇ ಈ ಲೇಖನದ ಮೊದಲ ಉದ್ದೇಶ. ಇತರರು ಆ ದಾರಿಯಲ್ಲಿ ಎಡವಬಾರದೆಂಬುದು ಎರಡನೆಯದು.

ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಯನ್ನು ನಡೆಸುವ ಸದ್ಭಕ್ತರೊಬ್ಬರು ಹರಿಹರದ ನಮ್ಮ ಪ್ರಸಾದ ನಿಲಯದಲ್ಲಿ ಉಂಡು, ಓದಿ ಬೆಳೆದವರು. ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬರೆಯಲು ಅವರ ಒಪ್ಪಿಗೆಯಿದೆ, ನಮಗೆ ಧೈರ್ಯವಿಲ್ಲ. ಅವರ ತಂದೆ ಹತ್ತಿ ಗಿರಣಿಯ ಕೆಲಸಗಾರರಾಗಿದ್ದರು. ದಾವಣಗೆರೆಯ ಗಿರಣಿಗಳು ಒಂದೊಂದಾಗಿ ಬಾಗಿಲು ಮುಚ್ಚಿದ ಕಾಲದಲ್ಲಿ ಆ ಸಂಸಾರವು ಭಟ್ಟಿಯ ಕೆಲಸವನ್ನು ಹಿಡಿಯಿತು. ಬೆಳಗಿನ ಜಾವಕ್ಕೇ ಒಲೆ ಹೊತ್ತಿಸಬೇಕು, ಕಾದ ಮರಳಿನ ಮುಂದೆ ಗಂಟೆಗಟ್ಟಲೆ ನಿಲ್ಲಬೇಕು. ನಿದ್ದೆ ಹರಿಯಲೆಂದು ಬಾಯಿಗೊಂದು ಚೂರು ಅಡಿಕೆ, ಅದರೊಡನೆ ಚಿಟಿಕೆ ತಂಬಾಕು. ಹೀಗೆ ಹದಿನೆಂಟನೆಯ ವಯಸ್ಸಿಗೆ ಹಿಡಿದ ಚಟ ಬಿಡಲಿಲ್ಲ. ಆದರೆ ಅವರ ಕಂಠ! ಶ್ರಾವಣಮಾಸದ ಶಿವಾನುಭವ ಗೋಷ್ಠಿಗಳಲ್ಲಿ ಅವರು ಹಾಡಲು ಕುಳಿತರೆಂದರೆ ಅಡುಗೆಮನೆಯಲ್ಲಿದ್ದವರೂ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.

೨೦೨೧ರ ಕಾರ್ತಿಕದಲ್ಲಿ ಅವರು ಒಂದು ಕಾಗದವನ್ನು ತಂದರು. ಯಾವುದೋ ರಕ್ತಪರೀಕ್ಷಾ ಕೇಂದ್ರದವರು ಹಬ್ಬದ ರಿಯಾಯಿತಿಯಲ್ಲಿ 'ಕ್ಯಾನ್ಸರ್ ತಪಾಸಣೆ' ಎಂದು ನಾಲ್ಕೈದು ಪರೀಕ್ಷೆಗಳನ್ನು ಒಟ್ಟಾಗಿ ಮಾಡಿಕೊಡುತ್ತಿದ್ದರಂತೆ. ಪ್ರತಿ ಸಾಲಿನಲ್ಲೂ ಒಂದು ಸಂಖ್ಯೆ, ಪಕ್ಕದಲ್ಲಿ ಅದರ ಮಿತಿ. ಎಲ್ಲ ಸಂಖ್ಯೆಗಳೂ ಮಿತಿಯೊಳಗೇ ಇದ್ದವು. "ಬುದ್ಧೀ, ಕ್ಯಾನ್ಸರ್ ಇಲ್ಲ ಅಂತ ಬಂದೈತೆ" ಎಂದರು. ನಾವು ಕನ್ನಡಕವನ್ನೇರಿಸಿ, ಸಾಲುಸಾಲಾಗಿ ಓದಿ, "ಒಳ್ಳೇದಾಯ್ತಪ್ಪಾ, ನಿಶ್ಚಿಂತೆಯಿಂದಿರು" ಎಂದು ವಿಭೂತಿಯನ್ನಿಟ್ಟು ಕಳುಹಿಸಿದೆವು. ಅಂದು ಪ್ರಸಾದದ ಪಂಕ್ತಿಯಲ್ಲಿ ಅವರು ಹೋಳಿಗೆಯನ್ನು ಉಗುರಿನಷ್ಟು ಚೂರುಗಳನ್ನಾಗಿ ಮಾಡಿ, ಬಾಯಿಯನ್ನು ಪೂರ್ತಿ ತೆರೆಯದೆ, ಒಳಗೆ ತುರುಕಿಕೊಳ್ಳುತ್ತಿದ್ದುದನ್ನು ನಾವು ಕಣ್ಣಾರೆ ಕಂಡೆವು. ಹಲ್ಲುನೋವಿರಬೇಕೆಂದುಕೊಂಡು ಸುಮ್ಮನಾದೆವು. ಕಾಗದವನ್ನು ಅಷ್ಟು ಎಚ್ಚರದಿಂದ ಓದಿದವರು ಮನುಷ್ಯನನ್ನು ಓದಲಿಲ್ಲ.

ಮುಂದಿನದನ್ನು ಹೇಳುವ ಮೊದಲು ಆ ಕಾಗದದಲ್ಲಿದ್ದುದು ಏನೆಂಬುದನ್ನು ವಿವರಿಸಬೇಕು. ನಾವು ಶಾಲೆಯಲ್ಲಿ ಸಸಾರಜನಕವೆಂದು ಕಲಿತ ಪ್ರೋಟೀನುಗಳು ಶರೀರದ ಪ್ರತಿಯೊಂದು ಜೀವಕೋಶದಲ್ಲಿಯೂ ತಯಾರಾಗುತ್ತವೆ. ಕೋಶಗಳು ತಮ್ಮ ಕ್ರಮವನ್ನು ಬಿಟ್ಟು ಮಿತಿಮೀರಿ ಬೆಳೆಯುವುದೇ ಅರ್ಬುದ, ಅಂದರೆ ಕ್ಯಾನ್ಸರ್. ಹಾಗೆ ಕೆಟ್ಟ ಕೋಶಗಳು ಕೆಲವು ಪ್ರೋಟೀನುಗಳನ್ನು ಅಳತೆಮೀರಿ ತಯಾರಿಸುತ್ತವೆ, ಕೆಲವನ್ನು ಕಾಲವಲ್ಲದ ಕಾಲದಲ್ಲಿ ತಯಾರಿಸುತ್ತವೆ. ಅದರಲ್ಲೊಂದು ಅಂಶ ರಕ್ತಕ್ಕೆ ಸೋರುತ್ತದೆ. ಆಯಾ ಪ್ರೋಟೀನಿಗೆ ಮಾತ್ರ ಅಂಟಿಕೊಳ್ಳುವ ಪ್ರತಿಕಾಯಗಳ ಸಹಾಯದಿಂದ ಅದನ್ನು ಅಳೆಯುತ್ತಾರೆ. ಒಂದು ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲನ್ನು ಕಂಡುಹಿಡಿಯುವಷ್ಟು ಆ ಅಳತೆ ಸೂಕ್ಷ್ಮವಾದುದು.

ಇಂತಹ ವಸ್ತುವನ್ನು ವಿಜ್ಞಾನಿಗಳು ಬಯೋಮಾರ್ಕರ್ ಎನ್ನುತ್ತಾರೆ. ಕನ್ನಡದಲ್ಲಿ ಜೈವಿಕ ಕುರುಹು ಎಂದರೆ ಸರಿಹೋಗುತ್ತದೆ. ಕುರುಹು ಎಂಬ ಮಾತು ನಮ್ಮ ಓದುಗರಿಗೆ ಹೊಸದಲ್ಲ. ಕುರುಹು ಅರಿವಿಗೆ ದಾರಿ. ಕುರುಹನ್ನೇ ಕೊನೆಯೆಂದು ಹಿಡಿದವನು ದಾರಿಯಲ್ಲಿಯೇ ಕುಳಿತುಬಿಡುತ್ತಾನೆ ಎಂದು ಎಷ್ಟೋ ಗೋಷ್ಠಿಗಳಲ್ಲಿ ಹೇಳಿದ್ದೇವೆ. ಹೇಳಿದ ನಾವೇ ಪ್ರಯೋಗಾಲಯದ ಕುರುಹಿನ ಮುಂದೆ ಅದನ್ನು ಮರೆತೆವು.

ಈ ಶೋಧದ ಇತಿಹಾಸ ಪುರಾತನವಾದುದು. ೧೮೪೫ರ ನವೆಂಬರಿನಲ್ಲಿ ಲಂಡನ್ನಿನ ಹೆನ್ರಿ ಬೆನ್ಸ್ ಜೋನ್ಸ್ ಎಂಬ ವೈದ್ಯರಿಗೆ ರೋಗಿಯೊಬ್ಬನ ಮೂತ್ರವನ್ನು ಪರೀಕ್ಷೆಗೆಂದು ಕಳುಹಿಸಲಾಯಿತು. ಆತನೊಬ್ಬ ದಿನಸಿ ವ್ಯಾಪಾರಿ. ಮೂಳೆಗಳೆಲ್ಲ ಮೆತ್ತಗಾಗಿ ನೋವಿನಿಂದ ಹಾಸಿಗೆ ಹಿಡಿದಿದ್ದನು. ಆ ಮೂತ್ರದಲ್ಲಿದ್ದ ವಸ್ತುವು ಕಾಯಿಸಿದಾಗ ಕರಗುತ್ತಿತ್ತು, ಆರಿದಾಗ ಮತ್ತೆ ಗರಣೆಗಟ್ಟುತ್ತಿತ್ತು. ವ್ಯಾಪಾರಿ ೧೮೪೬ರ ಮೊದಲ ದಿನವೇ ತೀರಿಕೊಂಡನು. ಬೆನ್ಸ್ ಜೋನ್ಸ್ ಮಾತ್ರ, ಇದೇ ಬಗೆಯ ಮೂಳೆರೋಗದಲ್ಲಿ ಈ ವಸ್ತುವನ್ನು ಹುಡುಕಬೇಕೆಂದು ಬರೆದಿಟ್ಟರು. ಇಂದಿಗೂ ಮಜ್ಜೆಯ ಅರ್ಬುದವಾದ ಮಯಲೋಮಾದಲ್ಲಿ ಅದನ್ನು ಅವರ ಹೆಸರಿನಿಂದಲೇ ಹುಡುಕುತ್ತಾರೆ. ಅದು ಪ್ರತಿಕಾಯಗಳ ಒಂದು ತುಂಡು ಎಂದು ಸ್ಪಷ್ಟವಾದುದು ೧೯೬೨ರಲ್ಲಿ.

ಅದರ ಮರುವರ್ಷ, ೧೯೬೩ರಲ್ಲಿ, ರಷ್ಯಾದ ಗರಿ ಅಬೆಲೆವ್ ಯಕೃತ್ತಿನ ಅರ್ಬುದವಿದ್ದ ಇಲಿಗಳ ರಕ್ತದಲ್ಲಿ ಒಂದು ಪ್ರೋಟೀನನ್ನು ಕಂಡರು. ಗರ್ಭಸ್ಥ ಶಿಶುವಿನಲ್ಲಿ ಇರಬೇಕಾದ, ಹುಟ್ಟಿದ ಮೇಲೆ ಅಡಗಬೇಕಾದ ಆಲ್ಫಾ ಫೀಟೋಪ್ರೋಟೀನು ಅದು. ೧೯೬೫ರಲ್ಲಿ ಕೆನಡಾದ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ಎಂಬುವರು ದೊಡ್ಡ ಕರುಳಿನ ಅರ್ಬುದದಲ್ಲಿ ಸಿ.ಇ.ಎ. ಎಂಬುದನ್ನು ಕಂಡರು. ೧೯೮೧ರಲ್ಲಿ ಅಮೆರಿಕದ ರಾಬರ್ಟ್ ಬ್ಯಾಸ್ಟ್ ಮತ್ತು ಸಂಗಡಿಗರು ಅಂಡಾಶಯದ ಅರ್ಬುದಕ್ಕೆ ಸಂಬಂಧಿಸಿದ ಸಿ.ಎ. ೧೨೫ ಎಂಬುದನ್ನು ಬೆಳಕಿಗೆ ತಂದರು. ಒಂದು ತೊಟ್ಟು ರಕ್ತದಿಂದ ರೋಗವನ್ನು ಮೊಳಕೆಯಲ್ಲಿಯೇ ಹಿಡಿಯಬಹುದೆಂಬ ಆಸೆ ಜಗತ್ತಿನಲ್ಲೆಲ್ಲ ಹುಟ್ಟಿತು. ಆದರೆ ಧೂಮಪಾನಿಗಳಲ್ಲಿ ಅರ್ಬುದವಿಲ್ಲದೆಯೂ ಸಿ.ಇ.ಎ. ಏರುತ್ತದೆಂದು ತಿಳಿದುಬಂದಿತು. ಯಕೃತ್ತಿನ ಉರಿಯೂತದಲ್ಲಿ ಆಲ್ಫಾ ಫೀಟೋಪ್ರೋಟೀನು ಏರಬಹುದು. ವಯಸ್ಸಾದ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ಸಾಧಾರಣವಾಗಿ ದಪ್ಪಗಾದರೂ ಪಿ.ಎಸ್.ಎ. ಏರಬಹುದು. ಇನ್ನು ಸಿ.ಎ. ೧೨೫ರ ಮಾತನ್ನು ಹರಿಹರದ ಒಬ್ಬ ತಾಯಿಯ ಅನುಭವದಿಂದ ಹೇಳುವುದೇ ಒಳ್ಳೆಯದು.

ನದೀತೀರದ ಓಣಿಯಲ್ಲಿ ವಾಸವಾಗಿರುವ ಆ ತಾಯಿಗೆ ಹೊಟ್ಟೆ ಉಬ್ಬಿ, ಮೈ ಇಳಿದು, ಸಂಜೆಯ ಹೊತ್ತಿಗೆ ಜ್ವರ ಬರುತ್ತಿತ್ತು. ರಕ್ತಪರೀಕ್ಷೆಯಲ್ಲಿ ಸಿ.ಎ. ೧೨೫ರ ಪ್ರಮಾಣ ಐದುನೂರನ್ನು ದಾಟಿತ್ತು. ರೂಢಿಯ ಮಿತಿಯೆಂದರೆ ಮೂವತ್ತೈದು. ಮಗ ಮೊಬೈಲಿನಲ್ಲಿ ಹುಡುಕಿ, ಅಂಡಾಶಯದ ಕ್ಯಾನ್ಸರ್ ಎಂದು ತಾನೇ ನಿಶ್ಚಯಿಸಿದನು. ಪುಣೆಯಲ್ಲಿದ್ದ ತಮ್ಮನನ್ನು ಕರೆಸಿದರು. ಹೆಣ್ಣುಮಕ್ಕಳಿಗೆ ಯಾವ ಒಡವೆ ಯಾರಿಗೆಂಬ ಮಾತೂ ನಡೆಯಿತು. ಆ ತಾಯಿಯನ್ನು ಆಟೋದಲ್ಲಿ ಕೂರಿಸಿಕೊಂಡು ಮಠಕ್ಕೆ ಕರೆತಂದದ್ದು ಕಡೆಯ ದರ್ಶನಕ್ಕೆಂದು. ಆ ವೇಳೆಗೆ ನಮಗೆ ಭಟ್ಟಿಯವರ ಪಾಠವಾಗಿತ್ತು. ಕಾಗದವನ್ನು ಮುಟ್ಟದೆ, "ಹೊಟ್ಟೆಯನ್ನು ಮುಟ್ಟಿ ನೋಡಿದ ಡಾಕ್ಟರು ಯಾರಪ್ಪಾ?" ಎಂದು ಕೇಳಿದೆವು. ಉತ್ತರವಿರಲಿಲ್ಲ. ಮರುದಿನವೇ ದಾವಣಗೆರೆಗೆ ಕಳುಹಿಸಿದೆವು. ವೈದ್ಯರು ಹೊಟ್ಟೆಯ ನೀರನ್ನು ತೆಗೆದು, ಒಳಪೊರೆಯ ಒಂದು ತುಣುಕನ್ನು ಬಯಾಪ್ಸಿಗೆ ಕಳುಹಿಸಿ ಪರೀಕ್ಷಿಸಿದರು. ಅದು ಕ್ಷಯವಾಗಿತ್ತು! ಹೊಟ್ಟೆಯ ಕ್ಷಯದಲ್ಲಿಯೂ ಸಿ.ಎ. ೧೨೫ ಹೀಗೆಯೇ ಏರುತ್ತದೆ. ನಮ್ಮ ದೇಶದಲ್ಲಿ ಇದು ಅಪರೂಪವೂ ಅಲ್ಲ. ಗರ್ಭಿಣಿಯರಲ್ಲಿ, ಮುಟ್ಟಿನ ದಿನಗಳಲ್ಲಿ ಕೂಡ ಅದು ಒಂದಿಷ್ಟು ಏರುವುದುಂಟು. ಆರು ತಿಂಗಳ ಔಷಧಿಯಿಂದ ಆ ತಾಯಿ ಗುಣಮುಖರಾದರು. ಕಳೆದ ಶ್ರಾವಣದಲ್ಲಿ ತಾವೇ ರೊಟ್ಟಿ ತಟ್ಟಿ ದಾಸೋಹಕ್ಕೆ ತಂದರು. ಒಡವೆಗಳೂ ಅವರ ಪೆಟ್ಟಿಗೆಯಲ್ಲಿಯೇ ಇವೆ.

ಅವರ ಊರಿನ ಹರಿಹರೇಶ್ವರನ ಗುಡಿಯನ್ನು ಹೊಯ್ಸಳರ ದಂಡನಾಯಕ ಪೋಲಾಳ್ವನು ೧೨೨೪ರಲ್ಲಿ ಕಟ್ಟಿಸಿದನು. ಅಲ್ಲಿಯ ಮೂರ್ತಿಯ ಒಂದು ಪಾರ್ಶ್ವವನ್ನಷ್ಟೇ ನೋಡಿದವನು ಹರನೆನ್ನುತ್ತಾನೆ, ಇನ್ನೊಂದನ್ನಷ್ಟೇ ನೋಡಿದವನು ಹರಿಯೆನ್ನುತ್ತಾನೆ. ಎದುರು ನಿಂತು ಪೂರ್ತಿ ನೋಡಿದವನಿಗೆ ಮಾತ್ರ ಅಲ್ಲಿರುವುದು ಏನೆಂದು ತಿಳಿಯುತ್ತದೆ. ರಕ್ತದ ಸಂಖ್ಯೆಯೂ ರೋಗದ ಒಂದು ಪಾರ್ಶ್ವ. ರೋಗಿಯ ಬಾಧೆ, ವೈದ್ಯರ ಸ್ಪರ್ಶ, ಸ್ಕ್ಯಾನಿಂಗ್ ಚಿತ್ರ, ಕಡೆಗೆ ಸೂಕ್ಷ್ಮದರ್ಶಕದಡಿಯ ಆ ತುಣುಕು, ಇವೆಲ್ಲ ಕೂಡಿದಾಗಲೇ ಪೂರ್ಣದರ್ಶನ.

ಇಲ್ಲಿ ಸಣ್ಣದೊಂದು ಲೆಕ್ಕವನ್ನು ವಾಚಕರು ಮಾಡಿನೋಡಬೇಕು. ಊರಿನಲ್ಲಿ ೧೦,೦೦೦ ಮಂದಿ ಇದ್ದಾರೆ, ಅವರಲ್ಲಿ ೧೦ ಮಂದಿಗೆ ಒಂದು ಬಗೆಯ ಅರ್ಬುದವಿದೆ ಎಂದು ಭಾವಿಸೋಣ. ಪರೀಕ್ಷೆಯು ರೋಗವಿರುವ ಹತ್ತರಲ್ಲಿ ಒಂಬತ್ತು ಮಂದಿಯನ್ನು ಹಿಡಿಯುತ್ತದೆ, ಆರೋಗ್ಯವಂತರಲ್ಲಿ ನೂರಕ್ಕೆ ಐದು ಮಂದಿಯನ್ನು ಮಾತ್ರ ತಪ್ಪಾಗಿ ರೋಗಿಯೆನ್ನುತ್ತದೆ ಎಂದಿಟ್ಟುಕೊಳ್ಳಿ. ಕೇಳಲು ಇದು ಉತ್ತಮ ಪರೀಕ್ಷೆ. ಆದರೆ ಉಳಿದ ೯,೯೯೦ ಮಂದಿಯಲ್ಲಿ ನೂರಕ್ಕೆ ಐದೆಂದರೆ ಸುಮಾರು ೫೦೦ ಮಂದಿಯಾಯಿತು. ಹೆದರಿಕೆಯ ಕಾಗದವು ೫೦೯ ಮನೆಗಳಿಗೆ ಹೋಗುತ್ತದೆ, ನಿಜವಾದ ರೋಗ ೯ ಮನೆಗಳಲ್ಲಿ ಮಾತ್ರವಿರುತ್ತದೆ, ಹತ್ತನೆಯ ರೋಗಿ ನಿಶ್ಚಿಂತೆಯಿಂದ ಮಲಗುತ್ತಾನೆ. ರೋಗವು ವಿರಳವಾಗಿರುವಾಗ ಬಾಧೆಯಿಲ್ಲದವರನ್ನೆಲ್ಲ ಹಿಡಿದು ಪರೀಕ್ಷಿಸುವುದರ ಫಲ ಹೀಗಾಗುತ್ತದೆ. ಇಂಗ್ಲೆಂಡ್ ಮೊದಲಾದೆಡೆ ಎರಡು ಲಕ್ಷಕ್ಕೂ ಮೀರಿದ ಸ್ತ್ರೀಯರನ್ನು ೨೦೦೧ರಿಂದ ೨೦೦೫ರವರೆಗೆ ಸೇರಿಸಿಕೊಂಡು, ಸಿ.ಎ. ೧೨೫ ಮತ್ತು ಸ್ಕ್ಯಾನಿಂಗ್ ಪರೀಕ್ಷೆಗಳಿಂದ ಅಂಡಾಶಯದ ಅರ್ಬುದದ ಸಾವನ್ನು ತಗ್ಗಿಸಬಹುದೇ ಎಂದು ನೋಡಿದರು. ೨೦೨೧ರಲ್ಲಿ ಪ್ರಕಟವಾದ ಫಲಿತಾಂಶ: ಕೆಲವರಲ್ಲಿ ರೋಗ ಬೇಗ ಪತ್ತೆಯಾಯಿತು, ಆದರೆ ಸಾವಿನ ಸಂಖ್ಯೆ ಇಳಿಯಲಿಲ್ಲ.

ಇದರಿಂದ ಈ ಕುರುಹುಗಳು ನಿಷ್ಪ್ರಯೋಜಕವೆಂದು ಯಾರೂ ಭಾವಿಸಕೂಡದು. ರೋಗವಿದೆಯೆಂದು ಬೇರೆ ವಿಧದಿಂದ ಖಚಿತವಾದ ಮೇಲೆ ಅವುಗಳ ನಿಜವಾದ ಉಪಯೋಗ ತೊಡಗುತ್ತದೆ. ಕರುಳಿನ ಅರ್ಬುದದ ಶಸ್ತ್ರಚಿಕಿತ್ಸೆಯಾದವರಲ್ಲಿ ಇಳಿದಿದ್ದ ಸಿ.ಇ.ಎ. ಮತ್ತೆ ಏರತೊಡಗಿದರೆ ರೋಗ ಮರಳಿರಬಹುದೆಂದು ವೈದ್ಯರು ಎಚ್ಚರಗೊಳ್ಳುತ್ತಾರೆ. ಮಯಲೋಮಾದಲ್ಲಿ ರಕ್ತದ ಆಲ್ಬ್ಯುಮಿನ್ ಮತ್ತು ಬೀಟಾ-೨ ಮೈಕ್ರೋಗ್ಲಾಬ್ಯುಲಿನ್ ಎಂಬ ಎರಡು ಪ್ರೋಟೀನುಗಳ ಅಳತೆಯಿಂದ ರೋಗದ ಹಂತವನ್ನು ನಿರ್ಣಯಿಸುವ ಪದ್ಧತಿ ೨೦೦೫ರಿಂದ ಬಳಕೆಯಲ್ಲಿದೆ.

ಈ ಶೋಧದಲ್ಲಿ ಕನ್ನಡನಾಡಿನ ಪಾಲೂ ಇದೆ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಗಳ ತಜ್ಞರು ಮೆದುಳಿನ ಗ್ಲಿಯೋಬ್ಲಾಸ್ಟೋಮಾ ಎಂಬ ಘೋರ ಅರ್ಬುದದ ಗಡ್ಡೆಗಳನ್ನು ಪರೀಕ್ಷಿಸಿ, ಐ.ಜಿ.ಎಫ್.ಬಿ.ಪಿ.-೩ ಎಂಬ ಪ್ರೋಟೀನು ಹೆಚ್ಚಾಗಿರುವವರ ಆಯುಸ್ಸು ಕಿರಿದಾಗಿರುತ್ತದೆಂದು ೨೦೧೦ರಲ್ಲಿ ಪ್ರಕಟಿಸಿದರು. ಬೆಂಗಳೂರಿನ ಇನ್ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಮತ್ತು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅಖಿಲೇಶ್ ಪಾಂಡೆಯವರ ನೇತೃತ್ವದಲ್ಲಿ ಮಾನವ ಶರೀರದ ಪ್ರೋಟೀನುಗಳ ನಕ್ಷೆಯೊಂದನ್ನು ಸಿದ್ಧಪಡಿಸಿ ೨೦೧೪ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಆರೋಗ್ಯವಂತ ಶರೀರದ ಮೂವತ್ತು ಬಗೆಯ ಮಾದರಿಗಳನ್ನು ಪರೀಕ್ಷಿಸಿ, ೧೭,೨೯೪ ವಂಶವಾಹಿಗಳಿಂದ ಉಂಟಾಗುವ ಪ್ರೋಟೀನುಗಳನ್ನು ಅವರು ಗುರುತಿಸಿದ್ದರು. ಸ್ವಸ್ಥವಾದುದು ಹೇಗಿರುತ್ತದೆಂದು ಅರಿಯದೆ ಕೆಟ್ಟುದನ್ನು ಗುರುತಿಸುವುದಾದರೂ ಹೇಗೆ?

ಆಯುಸ್ಸಿನ ಮಾತು ಬಂದುದರಿಂದ ಇನ್ನೊಂದು ವಿಷಯ. "ಬುದ್ಧೀ, ಇನ್ನೆಷ್ಟು ದಿನ?" ಎಂಬ ಪ್ರಶ್ನೆಯನ್ನು ನಮ್ಮ ಮುಂದೆ ಇಡದ ರೋಗಿಯ ಮನೆಯವರೇ ಇಲ್ಲ. ಮುಂಗತಿಯನ್ನು ಸೂಚಿಸುವ ಕುರುಹು ನೂರಾರು ರೋಗಿಗಳ ಗುಂಪಿನ ಸಂಗತಿಯನ್ನು ಹೇಳುತ್ತದೆಯೇ ಹೊರತು ಎದುರಿಗೆ ಕುಳಿತ ಈ ಒಬ್ಬರ ದಿನಗಳನ್ನು ಎಣಿಸಿಕೊಡುವುದಿಲ್ಲ. ಅಲ್ಲದೆ ಕುರುಹಿನ ಅರ್ಥವೇ ಕಾಲಾಂತರದಲ್ಲಿ ಬದಲಾಗುವುದುಂಟು. ಸ್ತನದ ಅರ್ಬುದಗಳಲ್ಲಿ ಸುಮಾರು ಐದರಲ್ಲೊಂದು ಪಾಲಿನಷ್ಟು ಗಡ್ಡೆಗಳಲ್ಲಿ ಹರ್-೨ ಎಂಬ ಪ್ರೋಟೀನು ವಿಪರೀತವಾಗಿರುತ್ತದೆ. ಅಂಥವರ ರೋಗ ಬೇಗ ಹಬ್ಬುತ್ತದೆಂದು ೧೯೮೭ರಲ್ಲಿ ತಿಳಿಯಿತು. ಅಂದು ಅದು ದುಶ್ಶಕುನವಾಗಿತ್ತು. ಅದೇ ಪ್ರೋಟೀನನ್ನು ಹಿಡಿದು ಅದುಮುವ ಟ್ರಾಸ್ಟುಝುಮ್ಯಾಬ್ ಎಂಬ ಔಷಧಿಗೆ ೧೯೯೮ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತ ಮೇಲೆ ಆ ದುಶ್ಶಕುನವೇ ಚಿಕಿತ್ಸೆಗೆ ಹಿಡಿಕೆಯಾಯಿತು. ಆದಕಾರಣ ಸಂಖ್ಯೆಯನ್ನು ಕಂಡು ಯಾರೂ ಕೈಚೆಲ್ಲಬಾರದು.

ಇನ್ನು ಭಟ್ಟಿಯವರ ವಿಷಯ. ನಾವು ಆ ಕಾಗದವನ್ನು ಹರಸಿದ ಏಳು ತಿಂಗಳ ಬಳಿಕ ಅವರ ಕೆನ್ನೆಯ ಒಳಗಡೆ ಹುಣ್ಣೊಂದು ಮಾಯದೆ ಉಳಿಯಿತು. ಆಗಲೂ ಅವರು ಒಂದು ತಿಂಗಳು ತಡೆದರಂತೆ. "ರಿಪೋರ್ಟು ಚೆನ್ನಾಗೈತಲ್ಲ, ಬುದ್ಧಿಯವರೂ ನೋಡ್ಯಾರಲ್ಲ" ಎಂದು ಮನೆಯವರಿಗೆ ಸಮಾಧಾನ ಹೇಳುತ್ತಿದ್ದರಂತೆ. ಈ ಮಾತನ್ನು ಅವರ ಮಡದಿ ನಮಗೆ ತಿಳಿಸಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಅಂದು ಹೋಳಿಗೆಗೆ ತೆರೆಯದ ಬಾಯಿ ಅಡಿಕೆಯಿಂದ ಕೆನ್ನೆಯ ಒಳಪದರ ನಾರುಗಟ್ಟಿದ ಲಕ್ಷಣವಾಗಿತ್ತು. ಅದು ಅರ್ಬುದಕ್ಕೆ ಮುನ್ನಡೆಯಬಲ್ಲ ಸ್ಥಿತಿಯೆಂದು ದಂತವೈದ್ಯರೆಲ್ಲ ಬಲ್ಲರು. ಅವರ ಕಾಗದದಲ್ಲಿದ್ದ ಯಾವ ಪರೀಕ್ಷೆಯೂ ಬಾಯಿಯ ಅರ್ಬುದವನ್ನು ಹಿಡಿಯತಕ್ಕದ್ದಲ್ಲ. ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ನಡೆದು ದವಡೆಯ ಒಂದು ಭಾಗವನ್ನು ತೆಗೆದರು. ಬಳಿಕ ವಿಕಿರಣ ಚಿಕಿತ್ಸೆಯಾಯಿತು. ಜೀವ ಉಳಿಯಿತು, ಹಾಡು ಉಳಿಯಲಿಲ್ಲ.

ಊರಿಗೆ ಮರಳಿದ ಮೇಲೆ ಅವರು ಮಠಕ್ಕೆ ಬಂದರು. ಮಾತು ಇನ್ನೂ ಸ್ಪಷ್ಟವಿರಲಿಲ್ಲವಾದುದರಿಂದ ಚೀಟಿಯಲ್ಲಿ ಬರೆದು ತೋರಿಸಿದರು: "ಬುದ್ಧೀ, ಆ ಕಾಗದ ಸುಳ್ಳು ಹೇಳಿತೇ?" ಅದರಲ್ಲಿ ಆಕ್ಷೇಪಣೆಯಿರಲಿಲ್ಲ, ಕೇವಲ ತಿಳಿಯುವ ಹಂಬಲವಿತ್ತು. ಬಹಳ ಹೊತ್ತಿನ ನಂತರ ನಾವು ಹೇಳಿದೆವು: "ಕಾಗದ ಸುಳ್ಳು ಹೇಳಲಿಲ್ಲಪ್ಪಾ. ಅದಕ್ಕೆ ಗೊತ್ತಿಲ್ಲದ್ದನ್ನು ನೀನು ಕೇಳಿದೆ. ಗೊತ್ತಿಲ್ಲ ಅಂತ ಹೇಳಬೇಕಾಗಿದ್ದವರು ನಾವು, ಹೇಳಲಿಲ್ಲ." ಅವರು ನಮ್ಮ ಪಾದಗಳನ್ನು ಮುಟ್ಟಲು ಬಾಗಿದರು. ಆ ನಮಸ್ಕಾರವನ್ನು ಸ್ವೀಕರಿಸುವುದು ನಮಗೆ ಕಷ್ಟವಾಯಿತು.

ಬಾಯಿಯ ಅರ್ಬುದಕ್ಕೆ ಇಂದಿಗೂ ದೊಡ್ಡ ಯಂತ್ರಕ್ಕಿಂತ ಮೊದಲು ಬೇಕಾದುದು ಬೆಳಕು ಮತ್ತು ಕಣ್ಣು. ನೆರೆಯ ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ೧೯೯೬ರಿಂದ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಜನರ ಬಾಯಿಯನ್ನು ತೆರೆಸಿ ನೋಡಿದರು. ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿಯ ಅರ್ಬುದದ ಸಾವು ಸುಮಾರು ಮೂರರಲ್ಲೊಂದು ಪಾಲು ತಗ್ಗಿತೆಂದು ೨೦೦೫ರಲ್ಲಿ ಪ್ರಕಟವಾಯಿತು. ದಾವಣಗೆರೆಯಲ್ಲಿ ೧೯೬೫ರಿಂದ ವೈದ್ಯಕೀಯ ಕಾಲೇಜಿದೆ, ದಂತವೈದ್ಯಕೀಯ ಕಾಲೇಜುಗಳೂ ಇವೆ. ಬೆಂಗಳೂರಿನಲ್ಲಿ ೧೯೭೩ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸಂಸ್ಥೆಯಿದೆ. ನೋಡುವವರಿಗೆ ಕೊರತೆಯಿಲ್ಲ, ತೋರಿಸುವವರು ನಾವಾಗಬೇಕು.

ಅಡಿಕೆಯ ಮಾತನ್ನು ಹೇಳುವಾಗ ನಮಗೆ ಸಂಕೋಚವಿದೆ. ಚನ್ನಗಿರಿ ಸೀಮೆಯ ಅಡಿಕೆ ಬೆಳೆಗಾರರಲ್ಲಿ ಎಷ್ಟೋ ಮಂದಿ ಶ್ರೀಮಠದ ಭಕ್ತರು. ಅವರ ಕಾಣಿಕೆಯಿಂದ ಮಕ್ಕಳ ಪ್ರಸಾದ ನಡೆಯುತ್ತದೆ. ಹಾಗಿದ್ದರೂ ತಂಬಾಕು ಬೆರೆಸದ ಅಡಿಕೆಯೂ ಮನುಷ್ಯರಿಗೆ ಅರ್ಬುದಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ಸಂಸ್ಥೆಯು ೨೦೦೪ರಲ್ಲಿ ಪ್ರಕಟಿಸಿದುದನ್ನು ಮುಚ್ಚಿಡುವುದು ಗುರುಸ್ಥಾನಕ್ಕೆ ಸಲ್ಲದು. ನಮ್ಮ ರಾಜ್ಯದಲ್ಲಿ ೨೦೧೩ರಲ್ಲಿ ಗುಟ್ಕಾವನ್ನು ನಿಷೇಧಿಸಲಾಯಿತು. ಅಡಿಕೆಯ ಪೊಟ್ಟಣ ಒಂದು, ತಂಬಾಕಿನದು ಮತ್ತೊಂದು ಎಂದು ಕೊಂಡು ಬಾಯಿಯಲ್ಲಿಯೇ ಬೆರೆಸಿಕೊಳ್ಳುವವರನ್ನು ಕಾನೂನು ತಡೆಯಲಾರದು. ನಾವೂ ಮೂವತ್ತು ವರ್ಷ ಪ್ರಸಾದದ ಬಳಿಕ ತಾಂಬೂಲವನ್ನು ಮೆಲ್ಲುತ್ತಿದ್ದವರು. ಆ ಚೀಟಿಯನ್ನು ಓದಿದ ದಿನದಿಂದ ಬಿಟ್ಟಿದ್ದೇವೆ. ಎಲೆ ಅಡಿಕೆ ಪೂಜೆಯ ತಟ್ಟೆಯಲ್ಲಿರಲಿ, ಮದುವೆಯ ವೀಳ್ಯದಲ್ಲಿರಲಿ, ಬಾಯಿಯಲ್ಲಿ ಬೇಡ.

ಈಗ ಪ್ರತಿ ಅಮಾವಾಸ್ಯೆಯಂದು ಹರಿಹರದ ಪ್ರಸಾದ ನಿಲಯದಲ್ಲಿ ದಂತವೈದ್ಯರಿಬ್ಬರು ಬಂದು ಕುಳಿತುಕೊಳ್ಳುತ್ತಾರೆ. ಭಟ್ಟಿಯವರು ಅವರ ಪಕ್ಕದಲ್ಲಿ ಟಾರ್ಚು ಹಿಡಿದು ನಿಲ್ಲುತ್ತಾರೆ. ಮಾಯದ ಹುಣ್ಣು, ಬಿಳಿಯ ಅಥವಾ ಕೆಂಪು ಮಚ್ಚೆ, ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ತೂರಿಸಲಾಗದಷ್ಟು ಬಿಗಿದ ಬಾಯಿ, ಇವುಗಳಲ್ಲಿ ಯಾವುದನ್ನು ಕಂಡರೂ ಅದೇ ವಾರ ಆಸ್ಪತ್ರೆಗೆ ಕಳುಹಿಸುತ್ತಾರೆ. ಹುಡುಗರು ನಾಚಿಕೊಂಡರೆ ಅವರು ತಮ್ಮ ಸೊಟ್ಟಗಾದ ಕೆನ್ನೆಯನ್ನು ಬೆರಳಿನಿಂದ ತೋರಿಸುತ್ತಾರೆ. ಹೆಚ್ಚಿನ ಉಪದೇಶದ ಅಗತ್ಯ ಬೀಳುವುದಿಲ್ಲ.

ಭಕ್ತರು ಈಗಲೂ ಕಾಗದಗಳನ್ನು ತರುತ್ತಾರೆ. ತರಬೇಡಿರೆಂದು ನಾವು ಹೇಳುವುದಿಲ್ಲ. ಸಂಕಟದಲ್ಲಿ ಮಠಕ್ಕೆ ಬಾರದೆ ಇನ್ನೆಲ್ಲಿಗೆ ಹೋದಾರು? ಆದರೆ ಕಾಗದವನ್ನು ಬಿಡಿಸುವ ಮೊದಲು ನಾವು ಹೇಳುವ ಮಾತು ಬೇರೆಯಾಗಿದೆ: "ಅದು ಇರಲಿ. ಮೊದಲು ಬಾಯಿ ತೆಗಿಯಪ್ಪಾ, ನೋಡೋಣ."